ಜ್ವರ ಬಿಟ್ಟ ಮೇಲೆ

ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಹರಡಿಕೊಂಡಿರುವ ನಮ್ಮ ಎರೆಯ ಸೀಮೆಯಲ್ಲಿ ಜ್ವರಕ್ಕೂ ಒಂದು ಹಂಗಾಮು ಉಂಟು. ಮುಂಗಾರಿಯ ಹೆಸರುಕಾಯಿ ಬಿಡಿಸಿ ಮುಗಿದು, ಹಿಂಗಾರಿಯ ಜೋಳ ಕಡಲೆಗಳ ಬಿತ್ತನೆಗೆ ಹೊಲ ಹದವಾಗುತ್ತಿರುವ ಭಾದ್ರಪದ ಆಶ್ವಯುಜ ಮಾಸಗಳಲ್ಲಿ, ಬದುವಿನ ಹುಲ್ಲು ಮೊಳಕಾಲೆತ್ತರ ಬೆಳೆದು, ತಗ್ಗುಗಳಲ್ಲಿ ನೀರು ನಿಂತು, ಸೊಳ್ಳೆ, ಉಣ್ಣೆ, ನುಸಿಗಳಿಗೆ ಸುಭಿಕ್ಷವಾಗಿರುವಾಗ, ಮನೆಗೊಬ್ಬರಾದರೂ ಕಂಬಳಿ ಹೊದ್ದು ಮಲಗಿರುವುದನ್ನು ನಾನು ಬಾಲ್ಯದಿಂದಲೂ ಕಂಡವನು. ಅದಕ್ಕೆ ಯಾರೂ ಬಹಳವಾಗಿ ಅಂಜುವುದಿಲ್ಲ. ಒಂದು ಸೂಜಿ, ನಾಲ್ಕು ಗುಳಿಗೆ, ತೀರ ಬಲಹೀನರಾದವರಿಗೆ ಒಂದು ಬಾಟಲಿ ಸಲಾಯಿನ್, ಮನೆಯಲ್ಲಿ ಗಂಜಿ ಮತ್ತು ಮೆಣಸಿನ ಕಷಾಯ. ಮೈ ತಣ್ಣಗಾಯಿತೆಂದರೆ ‘ಜ್ವರಾ ಬಿಡ್ತು’ ಎಂದು ಹೇಳಿ ಹೊಲಕ್ಕೋ ಮಗ್ಗಕ್ಕೋ ಮರಳುವುದು, ಇಷ್ಟೇ ಅದರ ಉಪಚಾರ. ಹೀಗೆ ಬಿಟ್ಟುಹೋದ ಜ್ವರವು ಎರಡು ಮೂರು ವಾರಗಳ ತರುವಾಯ ಕಣ್ಣಿನೊಳಗೆ ತಲೆದೋರಬಹುದೆಂಬುದು ನಮ್ಮಲ್ಲಿ ಬಹುಜನಕ್ಕೆ ತಿಳಿಯದು. 2012ರ ಮಳೆಗಾಲ ಕಳೆಯುವವರೆಗೆ ನನಗೂ ತಿಳಿದಿರಲಿಲ್ಲ. ಆ ವರ್ಷ ನನ್ನ ಬಲಗಣ್ಣಿನ ದೃಷ್ಟಿ ಮಂಕಾಗಿ, ಮತ್ತೆ ಮೆಲ್ಲಮೆಲ್ಲನೆ ತಿಳಿಯಾದ ವೃತ್ತಾಂತವನ್ನು, ನಮ್ಮ ಕಡೆಯ ಓದುಗರಿಗೆ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದುದು ರೋಣದಲ್ಲಿ. ಮಾಸ್ತರಿಕೆ ಮಾಡಿದುದು ಬಹುಪಾಲು ನರಗುಂದದಲ್ಲಿ. ನನ್ನ ಅಕ್ಕನನ್ನು ಕೊಟ್ಟುದು ಗಜೇಂದ್ರಗಡಕ್ಕೆ. ಆದುದರಿಂದ ಈ ಮೂರು ಊರುಗಳ ನಡುವಿನ ದಾರಿಗಳು ನನಗೆ ಮನೆಯ ಅಂಗಳದಷ್ಟು ಪರಿಚಿತ. ಅಕ್ಕನ ಮನೆಯಲ್ಲಿ ಎರಡು ಮಗ್ಗಗಳಿದ್ದವು, ಗುಡ್ಡದ ಮಗ್ಗುಲಲ್ಲಿ ಸ್ವಲ್ಪ ಮಸಾರಿ ಹೊಲವೂ ಇತ್ತು. ಆ ವರ್ಷದ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದರು. ಭಾವನವರಿಗೆ ಜತೆಯಾಗಿ ನಾನೂ ರಾತ್ರಿ ಅಲ್ಲಿಯೇ ಉಳಿದೆನು. ಕಾಲಕಾಲೇಶ್ವರನ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕುರಿಗಾರರು ಕಂಬಳಿ ಹಾಸಿ ಕೊಟ್ಟರು. ಹುಲ್ಲಿನ ಮೇಲೆ ಮಲಗಿ ಬೆಳಗಿನ ಜಾವದವರೆಗೆ ಸುಖವಾಗಿ ನಿದ್ರಿಸಿದೆನು. ನರಗುಂದಕ್ಕೆ ಮರಳಿ ಕೆಲವು ದಿನಗಳಾಗಿರಬಹುದು, ತಲೆ ಸಿಡಿಯುವ ನೋವಿನೊಡನೆ ಜ್ವರ ಬಂದಿತು. ಅಂಗೈ ಅಂಗಾಲುಗಳಲ್ಲಿ ಸಣ್ಣ ಕೆಂಪು ಕಲೆಗಳು ಕಾಣಿಸಿಕೊಂಡು, ಯಾರ ಗಮನಕ್ಕೂ ಹೆಚ್ಚಾಗಿ ಬೀಳದೆ ಮಾಸಿಹೋದವು. ವಾರದೊಳಗೆ ಜ್ವರ ಬಿಟ್ಟಿತು, ಶಾಲೆಗೆ ಹೋಗತೊಡಗಿದೆನು.

ಆಮೇಲೆ ಒಂದು ಮುಂಜಾನೆ ಹಾಜರಿ ಪುಸ್ತಕ ಬಿಚ್ಚಿದಾಗ, ಪ್ರತಿಯೊಂದು ಹೆಸರಿನ ನಡುವಿನ ಒಂದೆರಡು ಅಕ್ಷರಗಳು ಇಲ್ಲದೆ ಹೋದಂತೆ ತೋರಿತು. ಕನ್ನಡಕ ಒರೆಸಿದೆನು, ಕಣ್ಣು ತೊಳೆದೆನು. ಎಡಗಣ್ಣನ್ನು ಮುಚ್ಚಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಬಲಗಣ್ಣಿನ ದೃಷ್ಟಿಯ ನಟ್ಟನಡುವೆ ಬೂದುಬಣ್ಣದ ಒಂದು ಮೋಡ ನಿಂತಿತ್ತು. ಎದುರಿಗೆ ನಿಂತ ಹುಡುಗನ ಕಿವಿ, ಹೆಗಲು, ಟೊಪ್ಪಿಗೆ ಎಲ್ಲವೂ ಕಾಣುತ್ತಿದ್ದವು. ಮುಖ ಮಾತ್ರ ಕಾಣುತ್ತಿರಲಿಲ್ಲ. ಕಿಟಕಿಯ ನೆಟ್ಟನೆಯ ಸರಳುಗಳು ಆ ಮೋಡದ ಅಂಚಿಗೆ ಬಂದೊಡನೆ ಬಾಗಿ ಒಳಕ್ಕೆ ಸೆಳೆದುಕೊಂಡಂತೆ ತೋರುತ್ತಿದ್ದವು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಎರಡು ಕಣ್ಣುಗಳಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಹೊರಗೆ ಏನೂ ಕಾಣದ ಕಣ್ಣಿನ ರೋಗವನ್ನು ನೆರೆಹೊರೆಯವರಿಗೆ ನಂಬಿಸುವುದು ಸುಲಭವಲ್ಲ. ನಮ್ಮ ಕಡೆಯ ಜನಕ್ಕೆ ಕಣ್ಣಿನ ಬೇನೆಯೆಂದರೆ ಪರೆ, ಪರೆಯೆಂದರೆ ಶಸ್ತ್ರ, ಶಸ್ತ್ರವೆಂದರೆ ಹಸಿರು ಪಟ್ಟಿ ಕಟ್ಟಿಕೊಂಡು ನಾಲ್ಕು ದಿನ ಕೂಡುವುದು. ಈ ಭಾವನೆ ಬೇರೂರಲು ಗೌರವಯುತವಾದ ಕಾರಣವೂ ಇದೆ. ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಕೊಂಡೊಯ್ದು, ಶಾಲೆ ಛತ್ರಗಳನ್ನೇ ದವಾಖಾನೆ ಮಾಡಿಕೊಂಡು, ಸಾಲುಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪರೆ ತೆಗೆದವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದರೂ ಹಳ್ಳಿಗರ ಬಾಯಲ್ಲಿ ಕಣ್ಣಿನ ಡಾಕ್ಟರರಾಗಿಯೇ ಉಳಿದವರು. ಅವರ ಕೈಯಿಂದ ಬೆಳಕು ಪಡೆದ ಹಿರಿಯರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಆದುದರಿಂದ ನನ್ನ ಕಣ್ಣಿನ ಸುದ್ದಿ ಕೇಳಿದ ಸೋದರಮಾವಂದಿರೆಲ್ಲ ‘ಪರಿ ಬಂದಿರಬೇಕು, ಬಲೀಲಿ, ಆಮ್ಯಾಲೆ ತಗಸಿದ್ರಾತು’ ಎಂದರು. ಪರೆಯ ವಿಷಯದಲ್ಲಿ ಆ ಮಾತು ಒಂದು ಕಾಲಕ್ಕೆ ಸರಿಯೇ ಆಗಿತ್ತು. ಆದರೆ ಪರೆಯು ಕಣ್ಣಿನ ಮುಂಭಾಗದ ಮಸೂರಕ್ಕೆ ಬರುವಂಥದು; ನನ್ನ ವ್ಯಾಧಿ ಕಣ್ಣಿನ ಹಿಂಗೋಡೆಯಲ್ಲಿ, ಬೆಳಕು ಬಂದು ಬೀಳುವ ಅಕ್ಷಿಪಟಲದಲ್ಲಿಯೇ ಇತ್ತು. ಅಲ್ಲಿ ರೋಗವನ್ನು ಬಲಿಯಲು ಬಿಟ್ಟರೆ ಹೋದ ದೃಷ್ಟಿ ಮರಳಿ ಬಾರದು.

ಆ ದಿನಗಳಲ್ಲಿ ಕತ್ತಲೆಯ ವಿಚಾರವನ್ನು ನಾನು ಬಹಳವಾಗಿ ಮಾಡಿದೆನು. ಆಗೆಲ್ಲ ಮನಸ್ಸು ತಾನಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುತ್ತಿತ್ತು. ನಮ್ಮ ಜಿಲ್ಲೆಯವರಿಗೆ ಅಂಧತ್ವವೆಂಬುದು ಅಪರಿಚಿತವಾದ ದುಃಖವಲ್ಲ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕೂಡಿಸಿಕೊಂಡು ಸಂಗೀತ ಕಲಿಸಿದುದನ್ನೂ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶಿಶುವಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಆ ಭಾರವನ್ನು 2010ರವರೆಗೆ ಹೊತ್ತು, ಹಲವು ವಾದ್ಯಗಳನ್ನು ನುಡಿಸುತ್ತ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದುದನ್ನೂ ಕೇಳುತ್ತ ಬೆಳೆದವರು ನಾವು. ನಮ್ಮ ರೋಣ ತಾಲ್ಲೂಕಿನ ಹೊಳೆಆಲೂರಿನ ಜ್ಞಾನಸಿಂಧು ಅಂಧ ಮಕ್ಕಳ ಶಾಲೆಯ ಹುಡುಗರು ಮಲ್ಲಕಂಬದ ಮೇಲೆ ದೇಹವನ್ನು ತಿರುವಿ ನಿಲ್ಲುವುದನ್ನು ಕಣ್ಣಾರೆ ನೋಡಿದ್ದೇನೆ. ಕುರುಡನಾದರೆ ಬದುಕು ಮುಗಿಯಿತೆಂಬ ಹೇಡಿತನಕ್ಕೆ ಇವರ ಸ್ಮರಣೆ ನನಗೆ ಅವಕಾಶ ಕೊಡಲಿಲ್ಲ. ಆದರೆ ಅದೇ ಸ್ಮರಣೆಯಿಂದ ಇನ್ನೊಂದು ಯೋಚನೆಯೂ ಹುಟ್ಟಿತು. ಆ ಮಕ್ಕಳಲ್ಲಿ ಎಷ್ಟು ಮಂದಿಯ ದೃಷ್ಟಿಯನ್ನು ಸಕಾಲದಲ್ಲಿ ಉಳಿಸಬಹುದಾಗಿತ್ತೋ. ಉಳಿಸಬಲ್ಲವರು ಒಂದು ದಿನದ ದಾರಿಯಲ್ಲಿರುವಾಗ ಮನೆಯಲ್ಲಿ ಕುಳಿತಿರುವುದು, ಅಂಥ ಅವಕಾಶವೇ ದೊರೆಯದವರಿಗೆ ನಾನು ಮಾಡುವ ಅಪಚಾರವೆನಿಸಿತು.

ನರಗುಂದದ ವೈದ್ಯರೊಬ್ಬರು ದೀಪ ಹಿಡಿದು ನೋಡಿ, ‘ಮಾಸ್ತರ್ರ, ಇದು ಪರಿ ಅಲ್ಲ, ಹಿಂದಿನ ಪರದೇದ್ದು. ನಾಳಿ ಅನ್ನಬ್ಯಾಡ್ರಿ, ಇವತ್ತ ಹುಬ್ಬಳ್ಳಿ ಬಸ್ಸು ಹತ್ರಿ’ ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಆಜೀವ ಋಣಿ. ನವಲಗುಂದದ ಮೇಲೆ ಹಾದು ಹುಬ್ಬಳ್ಳಿ ಸೇರಿದಾಗ ಮಧ್ಯಾಹ್ನವಾಗಿತ್ತು.

ಅಲ್ಲಿಯ ಕಣ್ಣಿನ ದವಾಖಾನೆಯಲ್ಲಿ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕೂಡಿಸಿದರು. ಆ ಹನಿಯ ಪ್ರಭಾವಕ್ಕೆ ಲೋಕವೆಲ್ಲ ಬಿಳಿಚಿಕೊಂಡು, ಹತ್ತಿರದ ಅಕ್ಷರವೊಂದೂ ಕೂಡಿಕೊಳ್ಳದೆ, ಕೆಲವು ಗಂಟೆಗಳ ಕಾಲ ಇರಬೇಕಾಗುತ್ತದೆ. ಒಬ್ಬರೇ ಹೋಗಬಾರದೆಂದು ಹೇಳುವುದು ಅದಕ್ಕಾಗಿಯೇ. ತರುಣಿಯಾದ ವೈದ್ಯೆ ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಮೇಲೆ ನೋಡ್ರಿ, ಕೆಳಗ ನೋಡ್ರಿ ಎನ್ನುತ್ತ ಬಹಳ ಹೊತ್ತು ಪರೀಕ್ಷಿಸಿದರು. ಜೀವಂತ ಮನುಷ್ಯನ ಕಣ್ಣಿನ ಹಿಂಗೋಡೆಯನ್ನು ನೋಡುವ ಉಪಾಯವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೋಕಕ್ಕೆ ತಿಳಿಸಿದುದು 1851ರಲ್ಲಿ. ಅಲ್ಲಿಯವರೆಗೆ ನನ್ನಂಥವರ ರೋಗ ವೈದ್ಯನಿಗೂ ರೋಗಿಗೂ ಸಮಾನವಾಗಿ ಕತ್ತಲೆಯೇ ಆಗಿತ್ತು. ನೋಡಿ ಮುಗಿದ ಮೇಲೆ ಆಕೆ ಕಣ್ಣಿನ ಮಾತನ್ನೇ ಎತ್ತಲಿಲ್ಲ.

‘ಈಗ ಒಂದು ತಿಂಗಳೊಳಗ ಜ್ವರಾ ಬಂದಿತ್ತೇನ್ರಿ?’

‘ಬಂದಿತ್ರಿ ಮೇಡಂ, ಬಿಟ್ಟು ಹೋತು.’

‘ಮೈಮ್ಯಾಲೆ ಗುಳ್ಳಿ, ಕೆಂಪು ಕಲಿ? ಹೊಲದಾಗ ಮಲಗಿದ್ರೇನು? ದನಾ, ಕುರಿ, ನಾಯಿ ಹತ್ರ ಇದ್ರೇನು?’

ನಾನು ಗಜೇಂದ್ರಗಡದ ಹೊಲ, ಕುರಿ, ಹುಲ್ಲು, ಅಂಗೈಯ ಕಲೆ ಎಲ್ಲವನ್ನೂ ಹೇಳಿದೆನು. ಆಕೆ ಒಂದನ್ನೂ ಬಿಡದೆ ಬರೆದುಕೊಂಡರು. ನನ್ನ ಚಿಕಿತ್ಸೆ ಪ್ರಾರಂಭವಾದುದು ಗುಳಿಗೆಯಿಂದಲ್ಲ, ಆ ಪ್ರಶ್ನೆಗಳಿಂದಲೆಂದು ನಾನು ಇಂದಿಗೂ ನಂಬಿದ್ದೇನೆ. ಅಕ್ಷಿಪಟಲದ ಉರಿಯೂತ ಅನೇಕ ಸೋಂಕುಗಳಿಂದ ಬರುತ್ತದೆ. ಬೆಕ್ಕಿನ ಮೂಲಕವೋ ಸರಿಯಾಗಿ ಬೇಯಿಸದ ಮಾಂಸದ ಮೂಲಕವೋ ದೇಹ ಸೇರುವ ಟಾಕ್ಸೊಪ್ಲಾಸ್ಮಾ, ಸರ್ಪಸುತ್ತಿನ ಕುಲಕ್ಕೆ ಸೇರಿದ ವೈರಾಣುಗಳು, ಕ್ಷಯ, ಉಪದಂಶ, ರೋಗನಿರೋಧ ಶಕ್ತಿ ಕುಂದಿದವರಲ್ಲಿ ಕಾಣಿಸಿಕೊಳ್ಳುವ ಸೈಟೊಮೆಗಲೊ ವೈರಾಣು, ಹೀಗೆ. ಒಂದೊಂದಕ್ಕೂ ಔಷಧ ಬೇರೆ. ಒಂದರಲ್ಲಿ ವಾರಗಳ ಸಾವಕಾಶವುಂಟು. ಮತ್ತೊಂದರಲ್ಲಿ ಕೆಲವೇ ದಿನಗಳಲ್ಲಿ ಅಕ್ಷಿಪಟಲ ಕೊಳೆತು ಹರಿದುಹೋಗುವುದು. ಊತವನ್ನು ಇಳಿಸುವ ಸ್ಟೀರಾಯ್ಡನ್ನು, ಸೋಂಕು ಯಾವುದೆಂದು ತಿಳಿಯದೆ, ಅದನ್ನು ಕೊಲ್ಲುವ ಔಷಧದ ಕಾವಲಿಲ್ಲದೆ ಕೊಟ್ಟರೆ, ರೋಗಾಣುವಿಗೆ ಬಾಗಿಲು ತೆರೆದುಕೊಟ್ಟಂತಾಗುತ್ತದೆ. ಇಷ್ಟೆಲ್ಲದರ ನಡುವೆ ದಾರಿ ತೋರಿಸುವುದು ರೋಗಿಯ ಹಿಂದಿನ ದಿನಗಳ ಕಥೆ. ಅದನ್ನು ಹೇಳಬಲ್ಲವನು ರೋಗಿಯೊಬ್ಬನೇ.

ಚಿತ್ರ ತೆಗೆದು ತೋರಿಸಿದರು. ಕಿತ್ತಳೆಗೆಂಪು ನೆಲದ ಮೇಲೆ, ನಮ್ಮ ಜಿನ್ನಿನಂಗಳದಲ್ಲಿ ಚೆಲ್ಲಿದ ಅರಳೆಯ ತುಣುಕುಗಳಂತೆ, ಬಿಳಿಯ ಮಾಸಲು ಮಚ್ಚೆಗಳು ರಕ್ತನಾಳಗಳ ಮಗ್ಗುಲಲ್ಲಿ ಬಿದ್ದಿದ್ದವು. ಬೆಳಕಿನಿಂದಲೇ ಪದರಪದರವಾಗಿ ಸೀಳಿದಂತೆ ತೋರಿಸುವ ಓಸಿಟಿ ಯಂತ್ರದಲ್ಲಿ, ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಆಧಾರವಾದ ನಡುಭಾಗ ನೀರು ತುಂಬಿ ಗುಡ್ಡದಂತೆ ಉಬ್ಬಿತ್ತು. ಆರೋಗ್ಯವಂತ ಕಣ್ಣಿನಲ್ಲಿ ಆ ಜಾಗದ ದಪ್ಪ ಕಾಲು ಮಿಲಿಮೀಟರಿನಷ್ಟು. ಅಗಲ ಒಂದೂವರೆ ಮಿಲಿಮೀಟರಿನಷ್ಟು. ಮನುಷ್ಯನ ಓದು ಬರಹ, ನೇಕಾರನ ಎಳೆ, ತಾಯಿಗೆ ಮಗುವಿನ ಮುಖ, ಇಷ್ಟೆಲ್ಲ ಅಷ್ಟೊಂದು ಕಿರಿದಾದ ಸ್ಥಳದಲ್ಲಿ ನೆಲೆಸಿರುವುದನ್ನು ಕಂಡು ನಾನು ಮೂಕನಾದೆನು.

ಜ್ವರದ ತರುವಾಯ ಬರುವ ಈ ವ್ಯಾಧಿಯನ್ನು ನಮ್ಮ ನಾಡಿನ ವೈದ್ಯರು ಚೆನ್ನಾಗಿ ಬಲ್ಲವರಾದುದಕ್ಕೆ 2006ರ ಚಿಕುನ್‌ಗುನ್ಯಾ ಒಂದು ಕಾರಣ. ನಮ್ಮಿಂದ ಬಹಳ ದೂರವಲ್ಲದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಕಾಣಿಸಿಕೊಂಡು ಮರೆಯಾಗಿದ್ದ ಆ ಜ್ವರ, ಮೂರು ದಶಕಗಳ ಮೇಲೆ ಮರಳಿ ಬಂದು, ಆ ಒಂದೇ ವರ್ಷ ಕರ್ನಾಟಕದಲ್ಲಿ ಏಳೂವರೆ ಲಕ್ಷ ಮಂದಿಯನ್ನು ಹಿಡಿದಿತೆಂದು ಸರಕಾರದ ಲೆಕ್ಕ. ಕೀಲುನೋವಿನಿಂದ ಬಗ್ಗಿ ನಡೆಯುತ್ತಿದ್ದ ಜನರನ್ನು ನಮ್ಮ ಸಂತೆಗಳಲ್ಲಿ ನಾನೇ ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ಜ್ವರದ ಬೆನ್ನಿಗೆ ಕಣ್ಣು ಮಂಜಾದುದನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಅವರ ಸಹೋದ್ಯೋಗಿಗಳು ಗಮನಿಸಿ, ಕಣ್ಣಿನ ಮುಂಭಾಗದ ಉರಿಯೂತವೂ ಅಕ್ಷಿಪಟಲದ ಉರಿಯೂತವೂ ಆ ಜ್ವರದಲ್ಲಿ ಹೆಚ್ಚಾಗಿ ಕಾಣುವುವೆಂದು 2008ರಲ್ಲಿ ಪ್ರಕಟಿಸಿದರು. ನಮ್ಮ ಹಳ್ಳಿಗಾಡಿನ ಕಣ್ಣುಗಳೊಳಗಿನ ಸಂಗತಿ ಹೀಗೆ ಲೋಕದ ವೈದ್ಯಶಾಸ್ತ್ರಕ್ಕೆ ಸೇರಿದುದನ್ನು ಹೇಳುವಾಗ ನನಗೆ ಹೆಮ್ಮೆಯೂ ಉಂಟು, ಆ ಜನರಿಗಾಗಿ ಮರುಕವೂ ಉಂಟು.

ನನ್ನದು ಚಿಕುನ್‌ಗುನ್ಯಾ ಆಗಿರಲಿಲ್ಲ. ಹಲವು ರಕ್ತಪರೀಕ್ಷೆಗಳ ಪೈಕಿ ವೈಲ್ ಮತ್ತು ಫೆಲಿಕ್ಸ್ ಎಂಬ ಇಬ್ಬರು 1916ರಲ್ಲಿ ಕಂಡುಹಿಡಿದ ಹಳೆಯ ಪರೀಕ್ಷೆಯೊಂದು, ನನಗೆ ಬಂದುದು ರಿಕೆಟ್ಸಿಯಾ ಜ್ವರವೆಂದು ಉತ್ತರ ಕೊಟ್ಟಿತು. ಅದು ತೀರ ನಿಖರವಾದುದಲ್ಲವೆಂದೂ, ಆದರೆ ಅಗ್ಗವಾಗಿದ್ದು ಸಣ್ಣ ಊರಿನಲ್ಲಿಯೂ ದೊರೆಯುವುದರಿಂದ, ಜ್ವರದ ಕಥೆಯೂ ಕಣ್ಣಿನ ಚಿತ್ರವೂ ಒಂದೇ ಕಡೆಗೆ ಬೆರಳು ತೋರಿಸುವಾಗ ಉಪಯೋಗಕ್ಕೆ ಬರುವುದೆಂದೂ ವೈದ್ಯೆ ವಿವರಿಸಿದರು. ರಿಕೆಟ್ಸಿಯಾ ಎಂಬ ಸೂಕ್ಷ್ಮಾಣು ಉಣ್ಣೆ, ನುಸಿ, ಹೇನು, ಚಿಗಟಗಳ ಮೂಲಕ ಮನುಷ್ಯನನ್ನು ಸೇರಿ, ಸಣ್ಣ ರಕ್ತನಾಳಗಳ ಒಳಪದರದಲ್ಲಿ ಮನೆ ಮಾಡಿಕೊಳ್ಳುತ್ತದೆ. ಕಣ್ಣಿನ ಹಿಂಗೋಡೆ ಅಂಥ ನಾಳಗಳ ತವರು. ಈ ರೋಗಾಣುವಿಗೆ ಯಾರ ಹೆಸರನ್ನಿಟ್ಟರೋ ಆ ಹೋವರ್ಡ್ ರಿಕೆಟ್ಸ್ ಅಮೆರಿಕದ ರಾಕಿ ಪರ್ವತಗಳ ಚುಕ್ಕೆಜ್ವರ ಉಣ್ಣೆಯಿಂದ ಬರುವುದೆಂದು ತೋರಿಸಿದವನು. 1910ರಲ್ಲಿ ಮೆಕ್ಸಿಕೋದಲ್ಲಿ ಟೈಫಸ್ ಜ್ವರವನ್ನು ಅಭ್ಯಾಸ ಮಾಡುತ್ತಿದ್ದಾಗ ಅದಕ್ಕೇ ಬಲಿಯಾದನು. ಅವನ ಬೆನ್ನಿಗೆ ಅದೇ ಕಾರ್ಯದಲ್ಲಿ ತೊಡಗಿದ್ದ ಪ್ರೊವಾಜೆಕ್ 1915ರಲ್ಲಿ ಅದೇ ರೀತಿ ತೀರಿಕೊಂಡನು. ನನ್ನ ಕಣ್ಣು ಉಳಿದುದರಲ್ಲಿ ಇವರಿಬ್ಬರ ಪ್ರಾಣದ ಪಾಲೂ ಇದೆ.

ಔಷಧ ಮಾತ್ರ ಸರಳವಾದುದು: ಡಾಕ್ಸಿಸೈಕ್ಲಿನ್, ನೂರು ಮಿಲಿಗ್ರಾಮಿನ ಗುಳಿಗೆ, ಹೊತ್ತಿಗೊಂದರಂತೆ ದಿನಕ್ಕೆರಡು. ತುಂಬಿದ ಲೋಟ ನೀರಿನೊಡನೆ ನುಂಗಬೇಕು, ನುಂಗಿದೊಡನೆ ಮಲಗಬಾರದು, ಬಿಸಿಲಿನಲ್ಲಿ ಹೆಚ್ಚು ತಿರುಗಬಾರದು. ಈ ಔಷಧದ ಕುಲಕ್ಕೆ ಮೂಲವಾದ ಆರಿಯೋಮೈಸಿನ್, ಮಣ್ಣಿನೊಳಗಿನ ಒಂದು ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಪಡೆದುದು, 1948ರಲ್ಲಿ ಪ್ರಕಟವಾಯಿತು. ಡಗ್ಗರ್ ಕೆಲಸ ಮಾಡುತ್ತಿದ್ದ ಸಂಶೋಧನಶಾಲೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಅದೇ ವರ್ಷ ಅವರು ತೀರಿಕೊಂಡರು. ನನ್ನ ವೈದ್ಯೆ ಮೊದಲು ಗುಳಿಗೆಗೆ ಕೆಲಸ ಮಾಡುವ ಅವಕಾಶ ಕೊಟ್ಟು, ಆಮೇಲೆ ಸಕ್ಕರೆಯ ಪ್ರಮಾಣ ನೋಡುತ್ತ, ಊತಕ್ಕೆಂದು ಸ್ಟೀರಾಯ್ಡ್ ಸೇರಿಸಿದರು. ಕ್ರಮಕ್ರಮವಾಗಿ ಅದನ್ನು ಕಡಮೆ ಮಾಡಿದರು. ಇಂಥ ಕಣ್ಣಿನಲ್ಲಿ ಈಗ ಇರುವುದು ರೋಗಾಣುವೇ ಅಥವಾ ಅದರ ವಿರುದ್ಧ ದೇಹವೇ ಹೂಡಿದ ಹೋರಾಟದ ಉರಿಯೇ ಎಂಬ ವಿಷಯದಲ್ಲಿ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವುಂಟೆಂದು ಆಕೆ ಮುಚ್ಚಿಡದೆ ಹೇಳಿದರು. ಹಾಗೆ ಹೇಳಿದುದರಿಂದ ನನ್ನ ವಿಶ್ವಾಸ ಹೆಚ್ಚಿತೇ ಹೊರತು ಕುಂದಲಿಲ್ಲ.

ಕಣ್ಣು ಬರುವುದೆಂದರೆ ಪಟ್ಟಿ ಬಿಚ್ಚಿದೊಡನೆ ಲೋಕ ತೆರೆದುಕೊಳ್ಳುವುದೆಂದು ಎಣಿಸಿದ್ದ ನನ್ನ ಅಕ್ಕ, ‘ಇನ್ನೂ ಕಾಣಲಿಲ್ಲೇನೋ ತಮ್ಮಾ?’ ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಳು. ಅಕ್ಷಿಪಟಲದ ವ್ಯಾಧಿಯಲ್ಲಿ ಬೆಳಕು ಹಾಗೆ ಬರುವುದಿಲ್ಲ. ಮೊದಲು ನೀರು ಇಂಗಬೇಕು. ಆಮೇಲೆ ಉಬ್ಬು ಇಳಿಯಬೇಕು. ಬಿಳಿಯ ಮಚ್ಚೆಗಳು ವಾರವಾರಕ್ಕೆ ಕರಗಬೇಕು. ನೀರು ಬಿಟ್ಟುಹೋದ ಕೊಬ್ಬಿನ ಕಣಗಳು ನಡುಭಾಗದ ಸುತ್ತ ನಕ್ಷತ್ರದಾಕಾರದಲ್ಲಿ ಉಳಿದು, ತಿಂಗಳುಗಟ್ಟಲೆ ಹಿಡಿದು ಮಾಯವಾಗಬೇಕು. ಸ್ವಿಸ್ ವೈದ್ಯ ಆಮ್ಸ್ಲರ್ ರೂಪಿಸಿದ ಚೌಕಗೆರೆಯ ಹಾಳೆಯೊಂದನ್ನು ಕೊಟ್ಟು, ದಿನವೂ ಒಂದು ಕಣ್ಣು ಮುಚ್ಚಿ ನಡುಚುಕ್ಕೆ ನೋಡಿ, ಗೆರೆ ಎಲ್ಲಿ ಬಾಗಿದೆಯೆಂದು ಗುರುತು ಹಾಕಲು ಹೇಳಿದ್ದರು. ಅದರ ಜತೆಗೆ ನಾನೇ ಇನ್ನೊಂದು ಹಾಳೆ ಕಂಡುಕೊಂಡೆನು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಸೂಡಿಯಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದ ನಾಗಕುಂಡವುಂಟು. ನಾಲ್ಕೂ ಕಡೆಯಿಂದ ಇಳಿದುಬರುವ ಅದರ ಮೆಟ್ಟಿಲುಗಳಷ್ಟು ನೆಟ್ಟನೆಯ ಗೆರೆಗಳು ನಮ್ಮ ಸೀಮೆಯಲ್ಲಿ ಬೇರೆಲ್ಲಿಯೂ ಇರಲಾರವು. ಮೊದಲ ಸಲ ಅಲ್ಲಿ ನಿಂತು ಬಲಗಣ್ಣಿನಿಂದ ನೋಡಿದಾಗ ಆ ಮೆಟ್ಟಿಲುಗಳೆಲ್ಲ ಕುಸಿದು ಸುಳಿಗೊಂಡಂತೆ ಕಂಡವು. ದೀಪಾವಳಿಯ ಸುಮಾರಿಗೆ ಸುಳಿ ಒಂದು ಮೂಲೆಗೆ ಸರಿದಿತ್ತು. ಸಂಕ್ರಾಂತಿಗೆ ಕುಸುರೆಳ್ಳು ಹಿಡಿದು ಅಕ್ಕನ ಮನೆಗೆ ಹೊರಟಾಗ ಇಳಿದು ನೋಡಿದೆನು. ಶಿಲ್ಪಿ ಕೆತ್ತಿದಂತೆಯೇ ಸಾಲುಗಳು ನಿಂತಿದ್ದವು.

ಆ ಸಂಜೆ ಅಕ್ಕ ಮಗ್ಗದ ಬಳಿ ಕೂಡಿಸಿ, ಎಡಗಣ್ಣು ಮುಚ್ಚಿಸಿ, ಹಾಸಿನ ಎಳೆಗಳನ್ನು ಬಿಡಿಸಿ ಹೇಳೆಂದಳು. ಕೆಂಪೆಳೆಯನ್ನೂ ಕರಿಯೆಳೆಯನ್ನೂ ಬೇರೆಬೇರೆಯಾಗಿ ತೋರಿಸಿದೆನು. ಆಕೆ ಏನೂ ಅನ್ನದೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಹುಬ್ಬಳ್ಳಿಯಲ್ಲಿ ಗೋಡೆಯ ಅಕ್ಷರಗಳನ್ನು ಓದಿಸಿದಾಗ, ಮೊದಲು 6/60 ಎಂದು ಬರೆದಿದ್ದ ಕಡೆ 6/9 ಎಂದು ಬರೆದರು. ಆರೋಗ್ಯವಂತನು ಒಂಬತ್ತು ಮೀಟರಿನಿಂದ ಓದುವುದನ್ನು ನಾನು ಆರು ಮೀಟರಿನಿಂದ ಓದುತ್ತೇನೆಂದು ಅದರ ಅರ್ಥ. ಉಳಿದ ಅಲ್ಪ ನ್ಯೂನತೆ ಇಂದಿಗೂ ಇದೆ. ಆ ಕಣ್ಣಿಗೆ ಕೆಂಪುಬಣ್ಣ ತುಸು ತೊಳೆದಂತೆ ಕಾಣುತ್ತದೆ. ಸಣ್ಣ ಅಚ್ಚಿನಲ್ಲಿ ಒಂದು ಅಕ್ಷರದ ಒತ್ತು ಆಗಾಗ ಜಾರುತ್ತದೆ. ಅದರಿಂದ ನನ್ನ ಓದಿಗಾಗಲಿ ಪಾಠಕ್ಕಾಗಲಿ ತೊಂದರೆಯಾಗಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ನಿವೃತ್ತನಾಗಿ ರೋಣದಲ್ಲಿ ನೆಲಸಿದ್ದಾಗ, ಕುರಿಗಾರರ ಹುಡುಗನೊಬ್ಬನನ್ನು ಅವನ ತಾಯಿ ಕರೆದುಕೊಂಡು ಬಂದಳು. ಎರಡು ಕಣ್ಣಿಗೂ ಮಂಜು. ಯಾರೋ ದೃಷ್ಟಿ ತಾಗಿದೆಯೆಂದಿದ್ದರು, ಇನ್ಯಾರೋ ಪರೆಯೆಂದಿದ್ದರು. ‘ಜ್ವರಾ ಬಂದಿತ್ತೇನವಾ?’ ಎಂದು ಕೇಳಿದೆನು. ‘ಬಂದಿತ್ರೀ ಯಪ್ಪಾ, ದಸರಾದಾಗ. ಅದು ಬಿಟ್ಟ ಇಪ್ಪತ್ತ ದಿನಾ ಆತಲ್ರೀ’ ಎಂದಳು. ಆ ರಾತ್ರಿಯೇ ಅವರನ್ನು ಗದಗಿನ ಮೇಲೆ ಹುಬ್ಬಳ್ಳಿಗೆ ಕಳುಹಿಸಿ, ಡಾಕ್ಟರರ ಮುಂದೆ ಮೊದಲು ಜ್ವರದ ಮಾತು, ಆಮೇಲೆ ಕಣ್ಣಿನ ಮಾತು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆನು. ಹುಡುಗನ ಎಡಗಣ್ಣು ಪೂರ್ತಿಯಾಗಿ ತಿಳಿಯಾಯಿತು. ಬಲಗಣ್ಣು ಕುರಿಯ ಕಿವಿಗುರುತು ಕಾಣುವಷ್ಟಕ್ಕೆ ಬಂದಿತು. ಆ ತಾಯಿ ಈಗ ತಮ್ಮ ಹಟ್ಟಿಯಲ್ಲಿ ಯಾರಿಗೆ ಜ್ವರ ಬಂದುಹೋದರೂ, ಒಂದು ತಿಂಗಳ ಕಾಲ ಬೆಳಗಾಗೆದ್ದು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಲು ಹೇಳುತ್ತಾಳಂತೆ.